ಅದೇ ಮೇಳವನ್ನು ಮತ್ತೆ ಮತ್ತೆ ಕೇಳುವವನ ಕಿವಿ

ಒಂದು ಪುಸ್ತಕವನ್ನು ಎರಡನೆಯ ಸಲ ಓದುವವನನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಆದರೆ ಒಂದೇ ಸಂಗೀತಮೇಳದ ಕಚೇರಿಗೆ ಐವತ್ತು ಸಲವೋ ನೂರು ಸಲವೋ ಹಣ ತೆತ್ತು, ಊರಿಂದೂರಿಗೆ ಅಲೆದು ಹೋಗುವವನನ್ನು ಕಂಡರೆ ಮನೆಯವರು "ಕೇಳಿದ್ದನ್ನೇ ಇನ್ನೆಷ್ಟು ಸಲ ಕೇಳುತ್ತೀಯಪ್ಪ?" ಎನ್ನದೆ ಬಿಡರು. ಹಾಸ್ಯಕ್ಕೆ ಆಡಿದ ಮಾತಾದರೂ ಇದರ ಒಳಗೆ ಭೌತವಿಜ್ಞಾನಕ್ಕೂ ಶರೀರವಿಜ್ಞಾನಕ್ಕೂ ಸಂಬಂಧಿಸಿದ ನಿಜವಾದ ಪ್ರಶ್ನೆಯೊಂದು ಅಡಗಿದೆ. ಇಪ್ಪತ್ತು ವರ್ಷಗಳ ಕಾಲ ಒಂದೇ ಮೇಳವನ್ನು ಕೇಳಿದವನು ಕಡೆಗೆ "ಆಗಿನ ನಾದ ಈಗಿಲ್ಲ" ಎಂದು ನಿಟ್ಟುಸಿರು ಬಿಟ್ಟರೆ, ಬದಲಾದುದು ಯಾವುದು? ಮೇಳವೆ, ಸಭಾಂಗಣವೆ, ಯಂತ್ರೋಪಕರಣಗಳೆ, ಇಲ್ಲವೆ ಕೇಳುವವನ ಕಿವಿಯೆ?

ಇದನ್ನು ವಿಚಾರಮಾಡಲು ಅಮೆರಿಕದ "ಗ್ರೇಟ್‌ಫುಲ್ ಡೆಡ್" ಎಂಬ ರಾಕ್ ಮೇಳಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಈ ಮೇಳ, ಅದರ ಪ್ರಧಾನ ಗಿಟಾರ್ ವಾದಕ ಜೆರಿ ಗಾರ್ಸಿಯಾ 1995ರ ಆಗಸ್ಟ್ 9ರಂದು ತೀರಿಕೊಳ್ಳುವವರೆಗೆ, ಮೂವತ್ತು ವರ್ಷಗಳಲ್ಲಿ ಸುಮಾರು 2,300 ಕಚೇರಿಗಳನ್ನು ನಡೆಸಿತು. ಇದರ ಅಭಿಮಾನಿಗಳಿಗೆ "ಡೆಡ್‌ಹೆಡ್" ಎಂದೇ ಹೆಸರು ಬಿದ್ದಿತು. ಮೇಳದ ಹಿಂದೆಯೇ ಹಳೆಯ ಮೋಟಾರು ವಾಹನಗಳಲ್ಲಿ ಸಂಚರಿಸುತ್ತ, ದಾರಿಯ ಖರ್ಚಿಗೆ ಬಣ್ಣದ ಅಂಗಿಗಳನ್ನೂ ತಿಂಡಿಯನ್ನೂ ಮಾರುತ್ತ, ಒಂದು ಋತುವಿನಲ್ಲಿಯೇ ಹತ್ತಾರು ಕಚೇರಿಗಳನ್ನು ಕೇಳುತ್ತಿದ್ದವರು ಇವರಲ್ಲಿ ಅನೇಕರಿದ್ದರು. ವಿಜ್ಞಾನದ ವಿದ್ಯಾರ್ಥಿಗೆ ಇವರಲ್ಲಿ ಆಸಕ್ತಿ ಹುಟ್ಟಲು ಬೇರೊಂದು ಕಾರಣವುಂಟು. ತಾವು ಕೇಳಿದ್ದನ್ನು ಇವರು ಬಹುಮಟ್ಟಿಗೆ ದಾಖಲೆಮಾಡಿ ಇಟ್ಟುಕೊಂಡರು.

ಮೊದಲು ಮೇಳದ ಮಾತು. ನಮ್ಮ ಹಿರಿಯ ವಿದ್ವಾಂಸರ ಕಛೇರಿಯಲ್ಲಿ ತೋಡಿರಾಗದ ಆಲಾಪನೆ ನಿನ್ನೆಯದರಂತೆಯೇ ಇಂದೂ ಇರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲವಷ್ಟೆ. ಈ ಮೇಳದ ಪದ್ಧತಿಯೂ ಹೆಚ್ಚುಕಡಮೆ ಅಂತಹುದೇ. ಹಾಡುಗಳ ಅನುಕ್ರಮವನ್ನು ರಾತ್ರಿಯಿಂದ ರಾತ್ರಿಗೆ ಬದಲಿಸುತ್ತಿದ್ದರು. ಹಾಡಿನ ನಡುವೆ ಮನೋಧರ್ಮಕ್ಕೆ ಬಿಟ್ಟ ಭಾಗ ಎಷ್ಟು ಹೊತ್ತು ಬೆಳೆಯುವುದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. "ಡಾರ್ಕ್ ಸ್ಟಾರ್" ಎಂಬ ಕೃತಿ 1968ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದಾಗ ಮೂರು ನಿಮಿಷಗಳಿಗೂ ಕಡಮೆಯಾಗಿತ್ತು. 1969ರಲ್ಲಿ ಪ್ರಕಟವಾದ "ಲೈವ್/ಡೆಡ್" ಎಂಬ ಸಂಪುಟದಲ್ಲಿ ಅದೇ ಕೃತಿ 23 ನಿಮಿಷಗಳಷ್ಟು ಹಬ್ಬಿದೆ. ವಾದಕರೂ ಬದಲಾಗುತ್ತಿದ್ದರು. ಕೀಲಿಮಣೆಯ ವಾದ್ಯದ ಮುಂದೆ ಕುಳಿತವರೇ ಮೂವತ್ತು ವರ್ಷಗಳಲ್ಲಿ ನಾಲ್ಕೈದು ಮಂದಿ. 1986ರಲ್ಲಿ ಗಾರ್ಸಿಯಾ ಮಧುಮೇಹದಿಂದ ಹಲವು ದಿನ ಪ್ರಜ್ಞಾಹೀನನಾಗಿ ಬಿದ್ದಿದ್ದು, ಎದ್ದ ಮೇಲೆ ಗಿಟಾರನ್ನು ಬಹುಪಾಲು ಹೊಸದಾಗಿಯೇ ಕಲಿಯಬೇಕಾಯಿತು. ಆದಕಾರಣ ಮೇಳ ಬದಲಾಯಿತೆನ್ನುವವನ ಮಾತು ಸುಳ್ಳೇನಲ್ಲ.

ಹೀಗೆ ಬದಲಾಗುತ್ತಿದ್ದುದರಿಂದಲೇ ಬೇಸರವಾಗುತ್ತಿರಲಿಲ್ಲವೆಂದೂ ಹೇಳಬೇಕು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೆಚ್ಚಿನ ಸಂಗೀತವನ್ನು ಕೇಳುವಾಗ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದೆಂದು ಕಂಡುಬಂದಿತು. ಸ್ವಾರಸ್ಯವೇನೆಂದರೆ, ರೋಮಾಂಚವನ್ನುಂಟುಮಾಡುವ ಘಟ್ಟದಲ್ಲಿ ಮಾತ್ರವಲ್ಲದೆ, ಅದು ಇನ್ನೇನು ಬರುವುದೆಂದು ಕಾಯುವ ಹೊತ್ತಿನಲ್ಲಿಯೂ, ಮಿದುಳಿನ ಬೇರೊಂದು ಭಾಗದಲ್ಲಿ, ಇದು ನಡೆಯುವುದು. ಕಾಯಬೇಕಾದರೆ ಮುಂದೆ ಬರುವುದು ತಿಳಿದಿರಬೇಕು. ರೋಮಾಂಚವಾಗಬೇಕಾದರೆ ಅದು ತಿಳಿದಂತೆಯೇ ಇರಬಾರದು. ಐವತ್ತನೆಯ ಕಚೇರಿಗೆ ಹೋಗುವವನಿಗೆ ಇವೆರಡೂ ಒಟ್ಟಿಗೆ ದೊರೆಯುವುವು; ಮೊದಲನೆಯ ಸಲ ಹೋಗುವವನಿಗೆ ಈ ಸುಖ ಅರ್ಧ ಮಾತ್ರ.

ಇನ್ನು ಸಭಾಂಗಣದ ವಿಷಯ. ರಂಗಸ್ಥಳದಲ್ಲಿ ಹುಟ್ಟಿದ ಧ್ವನಿ ನಮ್ಮ ಕಿವಿಗೆ ನೇರವಾಗಿ ಒಮ್ಮೆ ಬರುವುದಲ್ಲದೆ, ಗೋಡೆ, ಸೂರು, ನೆಲಗಳಿಂದ ಪುಟಿದು ನೂರಾರು ಸಲ ಬರುವುದು. ಹೀಗೆ ತಡೆದು ಬರುವ ಧ್ವನಿಗಳೆಲ್ಲ ಸೇರಿ ಅನುರಣನವೆನಿಸುವುದು. ಸಭಾಂಗಣ ದೊಡ್ಡದಾದಷ್ಟೂ ಇದು ಹೆಚ್ಚು ಹೊತ್ತು ನಿಲ್ಲುವುದು. ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಬೇಗನೆ ಅಡಗುವುದು. ಅತ್ಯುತ್ತಮ ಹೀರುವಸ್ತು ಯಾವುದೆಂದರೆ ಬಟ್ಟೆ ತೊಟ್ಟ ಮನುಷ್ಯ! ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ವಾದ್ಯಗಳನ್ನು ಪರೀಕ್ಷಿಸಿ ಹೊಂದಿಸಿದ ಧ್ವನಿ ಸಂಜೆ ಜನ ತುಂಬಿದ ಮೇಲೆ ಹಾಗೆಯೇ ಇರದು.

ಒಂದೇ ಸಭಾಂಗಣದಲ್ಲಿಯೂ ಒಂದು ಸ್ಥಾನಕ್ಕೂ ಇನ್ನೊಂದಕ್ಕೂ ಭೇದವಿದೆ. ಸೆಕೆಂಡಿಗೆ 50 ಕಂಪನಗಳುಳ್ಳ ಮಂದ್ರಸ್ವರದ ತರಂಗದ ಉದ್ದ ಸುಮಾರು 6.8 ಮೀಟರ್. ಗೋಡೆಗಳ ನಡುವೆ ಇಂತಹ ತರಂಗಗಳು ಪುಟಿದು ಒಂದರ ಮೇಲೊಂದು ಬಿದ್ದಾಗ ಸ್ಥಾಯಿತರಂಗಗಳು ಏರ್ಪಡುವುವು. ಅವುಗಳಲ್ಲಿ ಧ್ವನಿ ಅತಿ ಪ್ರಬಲವಾಗಿರುವ ಸ್ಥಳಕ್ಕೂ ಅತಿ ಕ್ಷೀಣವಾಗಿರುವ ಸ್ಥಳಕ್ಕೂ ಇರುವ ಅಂತರ ತರಂಗದ ಉದ್ದದ ಕಾಲುಪಾಲು, ಎಂದರೆ 1.7 ಮೀಟರ್. ಎರಡು ಮೂರು ಹೆಜ್ಜೆ ಸರಿದು ನಿಂತವನಿಗೆ ಮಂದ್ರಸ್ವರವೇ ಬೇರೆಯಾಗಿ ಕೇಳುವುದು. "ಅಂದಿನ ಕಚೇರಿಯಲ್ಲಿ ಬೇಸ್ ಗಿಟಾರ್ ಕೇಳಿಸಲೇ ಇಲ್ಲ" ಎಂದು ಒಬ್ಬ, "ಎದೆ ನಡುಗಿತು" ಎಂದು ಮತ್ತೊಬ್ಬ ಜಗಳವಾಡಿದರೆ, ಇಬ್ಬರೂ ಸತ್ಯವಂತರೇ ಆಗಿರಬಹುದು.

ಬಯಲಿನ ಕಚೇರಿಗಳಲ್ಲಿ ಗೋಡೆಗಳ ಕಾಟವಿಲ್ಲ, ಗಾಳಿಯ ಕಾಟವಿದೆ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿರುವುದರಿಂದ ಧ್ವನಿ ಮೇಲಕ್ಕೆ ಬಾಗಿ ದೂರದವರ ತಲೆಯ ಮೇಲೆ ಹಾದುಹೋಗುವುದು. ರಾತ್ರಿ ನೆಲ ತಣಿದ ಮೇಲೆ ಕೆಳಕ್ಕೆ ಬಾಗುವುದು. ದೂರದ ಊರಿನ ಜಾತ್ರೆಯ ವಾದ್ಯ ರಾತ್ರಿಯಲ್ಲಿ ಹತ್ತಿರದಿಂದಲೇ ಕೇಳಿದಂತಾಗುವುದಕ್ಕೆ ಇದೂ ಒಂದು ಕಾರಣ. 1973ರ ಜುಲೈ 28ರಂದು ನ್ಯೂಯಾರ್ಕ್ ಸಂಸ್ಥಾನದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಈ ಮೇಳವನ್ನೂ ಇನ್ನೆರಡು ಮೇಳಗಳನ್ನೂ ಕೇಳಲು ಸುಮಾರು ಆರು ಲಕ್ಷ ಜನ ಸೇರಿದ್ದರು. ಅಷ್ಟು ಜನಕ್ಕೆ ಒಂದೇ ಕಡೆಯ ಧ್ವನಿವರ್ಧಕಗಳು ಸಾಲವು. ಜನರ ನಡುವೆ ಗೋಪುರಗಳನ್ನು ನಿಲ್ಲಿಸಿ ಅಲ್ಲಿಯೂ ಧ್ವನಿವರ್ಧಕಗಳನ್ನು ಇಡಬೇಕು. ಆದರೆ ವಿದ್ಯುತ್ತು ತಂತಿಯಲ್ಲಿ ಕ್ಷಣಮಾತ್ರದಲ್ಲಿ ಗೋಪುರವನ್ನು ಮುಟ್ಟುವುದು. ರಂಗಸ್ಥಳದಿಂದ ಗಾಳಿಯಲ್ಲಿ ಹೊರಟ ಧ್ವನಿಯಾದರೋ 60 ಮೀಟರ್ ನಡೆಯಲು ಸೆಕೆಂಡಿನ ಆರನೆಯ ಒಂದು ಪಾಲಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವುದು. ಪ್ರತಿಯೊಂದು ಪದವೂ ಎರಡೆರಡು ಸಲ ಕೇಳುವ ಈ ದೋಷವನ್ನು ನೀಗಲು ಗೋಪುರಗಳಿಗೆ ಹೋಗುವ ಸಂಕೇತವನ್ನು ಬೇಕೆಂದೇ ಅಷ್ಟು ಹೊತ್ತು ತಡೆದಿಡುವ ಹೊಸ ಉಪಕರಣಗಳನ್ನು ಅಲ್ಲಿ ಬಳಸಿದರು.

ಉಪಕರಣಗಳ ಪ್ರಸ್ತಾಪ ಬಂದುದರಿಂದ, ಈ ಮೇಳದವರು 1974ರಲ್ಲಿ ನಿಲ್ಲಿಸಿದ "ಧ್ವನಿಯ ಗೋಡೆ"ಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಔಸ್ಲಿ ಸ್ಟಾನ್ಲಿ ಎಂಬಾತನೂ ಕೆಲವು ಮಂದಿ ತಂತ್ರಜ್ಞರೂ ಸೇರಿ ಯೋಜಿಸಿದ ಇದರಲ್ಲಿ ಸುಮಾರು 600 ಧ್ವನಿವರ್ಧಕಗಳು. ಅವುಗಳಿಗೆ ಒದಗುತ್ತಿದ್ದ ಶಕ್ತಿ 26,000 ವಾಟ್‌ಗಳಿಗೂ ಹೆಚ್ಚು. ಒಟ್ಟು ತೂಕ ಸುಮಾರು 75 ಟನ್. ಇದರ ಹಿರಿಮೆ ಗಾತ್ರದಲ್ಲಿಲ್ಲ, ಅದರ ಹಿಂದಿನ ವಿಚಾರದಲ್ಲಿದೆ. ಸಾಮಾನ್ಯವಾಗಿ ಎಲ್ಲ ವಾದ್ಯಗಳ ಸಂಕೇತಗಳನ್ನೂ ಬೆರಸಿ ಒಂದೇ ಧ್ವನಿವರ್ಧಕಕ್ಕೆ ಕೊಡುವರು. ಒಂದೇ ಕಾಗದದ ಪೊರೆ ಕಂಠವನ್ನೂ ತಾಳತಟ್ಟೆಯನ್ನೂ ಮಂದ್ರತಂತಿಯನ್ನೂ ಒಟ್ಟಿಗೆ ನುಡಿಯಬೇಕಾದಾಗ ಅವು ಒಂದನ್ನೊಂದು ಕೆಡಿಸಿ, ಮೂಲದಲ್ಲಿಲ್ಲದ ಹೊಸ ಸ್ವರಗಳು ಹುಟ್ಟಿ ನಾದ ಕಲಕಿಹೋಗುವುದು. ಧ್ವನಿಯ ಗೋಡೆಯಲ್ಲಿ ಪ್ರತಿಯೊಂದು ವಾದ್ಯಕ್ಕೂ ಅದರದೇ ಆದ ಧ್ವನಿವರ್ಧಕಗಳ ಕಂಬ. ಫಿಲ್ ಲೆಶ್‌ನ ಬೇಸ್ ಗಿಟಾರಿನಲ್ಲಿಯಂತೂ ಒಂದೊಂದು ತಂತಿಯ ನಾದವನ್ನೂ ಬೇರೆ ಬೇರೆ ಧ್ವನಿವರ್ಧಕಗಳಿಗೆ ಕಳುಹಿಸುವ ಏರ್ಪಾಡಿತ್ತು.

ಕಂಬವೇಕೆ? ಒಂದು ಬಿಂದುವಿನಿಂದ ಹೊರಟ ಧ್ವನಿ ಗೋಳಾಕಾರವಾಗಿ ಹರಡುವುದರಿಂದ ದೂರ ಇಮ್ಮಡಿಯಾದಾಗ ಅದರ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ, ಎಂದರೆ 6 ಡೆಸಿಬೆಲ್‌ಗಳಷ್ಟು, ಇಳಿಯುವುದೆಂದು ನೀವು ಓದಿರುವಿರಿ. ಉದ್ದವಾದ ಕಂಬದಿಂದ ಹೊರಟ ಧ್ವನಿ ಒಂದು ದೂರದವರೆಗೆ ಕೊಳವೆಯ ಆಕಾರದಲ್ಲಿ ಹರಡುವುದರಿಂದ ಇಳಿತ 3 ಡೆಸಿಬೆಲ್ ಮಾತ್ರ. ಲೆಕ್ಕ ಹಾಕಿ ನೋಡಿ: 100 ಮೀಟರ್ ದೂರದವನಿಗೆ 95 ಡೆಸಿಬೆಲ್ ಮುಟ್ಟಿಸಬೇಕಾದರೆ ಬಿಂದುವಿನಂತಹ ಧ್ವನಿವರ್ಧಕ 10 ಮೀಟರ್ ದೂರದಲ್ಲಿ ನಿಂತವನ ಕಿವಿಗೆ 115 ಡೆಸಿಬೆಲ್ ಸುರಿಯಬೇಕು, ಕಂಬವಾದರೆ 105 ಸಾಕು. ಹಿಂದಿನವನ ಸುಖಕ್ಕಾಗಿ ಮುಂದಿನವನನ್ನು ಕಿವುಡನನ್ನಾಗಿ ಮಾಡಬೇಕಾಗಿಲ್ಲ.

ಈ ಗೋಡೆ ನಿಂತಿದ್ದುದು ವಾದಕರ ಬೆನ್ನ ಹಿಂದೆ; ಸಭಿಕರು ಕೇಳಿದ್ದನ್ನೇ ವಾದಕರೂ ಕೇಳಬೇಕೆಂಬುದು ಇದರ ಉದ್ದೇಶ. ಆದರೆ ಹಾಗೆ ಮಾಡಿದರೆ ಧ್ವನಿವರ್ಧಕದಿಂದ ಹೊರಟ ಧ್ವನಿ ಗಾಯಕನ ಮುಂದಿನ ಧ್ವನಿಗ್ರಾಹಕವನ್ನೇ ಹೊಕ್ಕು, ಮತ್ತೆ ವರ್ಧಿಸಿ, ಮತ್ತೆ ಹೊಕ್ಕು, ಶಾಲೆಯ ವಾರ್ಷಿಕೋತ್ಸವದಲ್ಲಿ ನಾವೆಲ್ಲರೂ ಕೇಳಿರುವ ಆ ಕಿರುಚಾಟ ಹುಟ್ಟಬೇಕಷ್ಟೆ. ಇದನ್ನು ತಪ್ಪಿಸಿದ ಉಪಾಯ ಸುಂದರವಾದುದು. ಒಬ್ಬೊಬ್ಬ ಗಾಯಕನಿಗೂ ಒಂದರ ಮೇಲೊಂದರಂತೆ ಎರಡು ಧ್ವನಿಗ್ರಾಹಕಗಳು, ನಡುವಿನ ಅಂತರ ಕೆಲವೇ ಸೆಂಟಿಮೀಟರ್. ಒಂದರ ಸಂಕೇತವನ್ನು ಇನ್ನೊಂದರಿಂದ ಕಳೆಯುವಂತೆ ತಂತಿಗಳನ್ನು ಜೋಡಿಸಿರುವರು. ಹಿಂದಿನ ಗೋಡೆಯಿಂದ ಬರುವ ಧ್ವನಿ ಎರಡನ್ನೂ ಸಮನಾಗಿ ಮುಟ್ಟುವುದರಿಂದ ಕಳೆದರೆ ಉಳಿಯುವುದು ಸೊನ್ನೆ. ಗಾಯಕ ಒಂದಕ್ಕೆ ಮಾತ್ರ ತುಟಿ ತಾಗಿಸಿ ಹಾಡುವುದರಿಂದ ಅವನ ಕಂಠ ಉಳಿಯುವುದು. ತುಟಿ ಕೊಂಚ ಸರಿದರೆ ಮಾತ್ರ ಅವನ ಕಂಠವೂ ಸೊನ್ನೆಯ ಕಡೆಗೆ ಹೊರಡುವುದು! ಇಂದಿನ ಯುವಕರು ಧರಿಸುವ, ಹೊರಗಿನ ಗದ್ದಲವನ್ನು ಅಳಿಸುವ ಶ್ರವಣಸಾಧನಗಳಲ್ಲಿ ಕೆಲಸಮಾಡುವುದೂ ಈ ವ್ಯವಕಲನದ ತತ್ತ್ವವೇ.

ಗೋಡೆ ಬಹುಕಾಲ ನಿಲ್ಲಲಿಲ್ಲ. ಅದನ್ನು ಕಟ್ಟಿ ಬಿಚ್ಚಲು ಹಿಡಿಯುತ್ತಿದ್ದ ಕಾಲ ಬಹಳವಾದುದರಿಂದ, ಒಂದು ಊರಿನಲ್ಲಿ ಕಚೇರಿ ನಡೆಯುತ್ತಿದ್ದಾಗಲೇ ಮುಂದಿನ ಊರಿನಲ್ಲಿ ಎರಡನೆಯ ಹಂದರವನ್ನು ಎಬ್ಬಿಸಬೇಕಾಗುತ್ತಿತ್ತು. ಲಾರಿಗಳ ಬಾಡಿಗೆ, ಆಳುಗಳ ಕೂಲಿಗಳ ಮುಂದೆ ಭೌತವಿಜ್ಞಾನ ಸೋತಿತು. 1974ರ ಅಕ್ಟೋಬರಿನ ಕಚೇರಿಗಳ ಅನಂತರ ಅದನ್ನು ಕೈಬಿಟ್ಟರು. ಆ ಒಂದು ವರ್ಷ ಕೇಳಿದವನು "ಆಗಿನ ನಾದ ಈಗಿಲ್ಲ" ಎಂದರೆ ಅವನ ಪಕ್ಷದಲ್ಲಿ 75 ಟನ್‌ಗಳ ಸಾಕ್ಷ್ಯವಿದೆ.

ಮೇಳ, ಸಭಾಂಗಣ, ಉಪಕರಣ ಮೂರೂ ಬದಲಾಗುವುವೆಂದಾಯಿತು. ಹಾಗಾದರೆ ನಾಲ್ಕನೆಯದನ್ನು ಬೇರ್ಪಡಿಸಿ ನೋಡುವುದು ಹೇಗೆ? ಇಲ್ಲಿಯೇ ಡೆಡ್‌ಹೆಡ್‌ಗಳ ದಾಖಲೆಗಳು ನೆರವಿಗೆ ಬರುವುದು. ಕಚೇರಿಯನ್ನು ಧ್ವನಿಮುದ್ರಿಸಿಕೊಳ್ಳುವವರನ್ನು ಬೇರೆ ಮೇಳಗಳವರು ಕಳ್ಳರಂತೆ ಹಿಡಿದು ಹೊರಗಟ್ಟುತ್ತಿದ್ದ ಕಾಲದಲ್ಲಿ ಈ ಮೇಳ ಅವರನ್ನು ಸಹಿಸಿತು. 1984ರ ಅಕ್ಟೋಬರಿನಿಂದ ಅವರಿಗಾಗಿಯೇ ಸಭೆಯಲ್ಲಿ ಒಂದು ಭಾಗವನ್ನು ಮೀಸಲಿಟ್ಟಿತು. ಎತ್ತರದ ಕೋಲುಗಳ ತುದಿಗೆ ಧ್ವನಿಗ್ರಾಹಕಗಳನ್ನು ಕಟ್ಟಿ ಅವರು ಮುದ್ರಿಸಿದ ಟೇಪುಗಳನ್ನು ಮಾರಬಾರದು, ಒಬ್ಬರಿಗೊಬ್ಬರು ವಿನಿಮಯ ಮಾಡಿಕೊಳ್ಳಬಹುದು ಎಂಬುದು ನಿಯಮ. ಇವಲ್ಲದೆ ಮೇಳದವರೇ ಧ್ವನಿ ಬೆರಸುವ ಮಣೆಯಿಂದ ನೇರವಾಗಿ ಮುದ್ರಿಸಿಕೊಂಡವೂ ಉಂಟು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲಿನಲ್ಲಿ, ಕವಾಯತಿಗಾಗಿ ಕಟ್ಟಿದ ಆ ವಿಶಾಲ ಕಟ್ಟಡದಲ್ಲಿ, ನಡೆದ ಕಚೇರಿಯನ್ನು ಬೆಟ್ಟಿ ಕ್ಯಾಂಟರ್ ಎಂಬ ತಂತ್ರಜ್ಞೆ ಹೀಗೆ ಮುದ್ರಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಕ್ಷಿಸಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ತನ್ನ 2011ನೆಯ ವರ್ಷದ ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಮಣೆಯಿಂದ ಪಡೆದ ಮುದ್ರಣದಲ್ಲಿ ಸಭಾಂಗಣವಿಲ್ಲ. ವಾದ್ಯಗಳಿಂದ ಬಂದ ಸಂಕೇತ ಮಾತ್ರವಿದೆ. ಕೋಲಿನ ತುದಿಯಿಂದ ಪಡೆದುದರಲ್ಲಿ ಗೋಡೆ, ಗಾಳಿ, ಜನ ಎಲ್ಲವೂ ಇವೆ. ಒಂದೇ ರಾತ್ರಿಯ ಇವೆರಡನ್ನೂ ಹೋಲಿಸಿದರೆ ಇವುಗಳ ವ್ಯತ್ಯಾಸವೇ ಸಭಾಂಗಣದ ಮತ್ತು ಉಪಕರಣಗಳ ಪಾಲು. ಬೇರೆ ಬೇರೆ ವರ್ಷಗಳ ಮಣೆಯ ಮುದ್ರಣಗಳನ್ನು ಹೋಲಿಸಿದರೆ ತಿಳಿಯುವುದು ಮೇಳದ ಪಾಲು. ಇನ್ನು ಒಂದೇ ಮುದ್ರಣವನ್ನು ಇಪ್ಪತ್ತರ ವಯಸ್ಸಿನಲ್ಲಿಯೂ ಐವತ್ತರಲ್ಲಿಯೂ ಕೇಳಿ ಅದು ಬೇರೆಯಾಗಿ ಕೇಳಿಸಿದರೆ, ಆ ವ್ಯತ್ಯಾಸವನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ನಾಳವೊಂದಿದೆ. ಅದರ ಉದ್ದಕ್ಕೂ ಸುಮಾರು 15,000 ರೋಮಕೋಶಗಳು ಸಾಲುಗಟ್ಟಿ ನಿಂತಿವೆ. ನಾಳದ ಬುಡದಲ್ಲಿರುವುವು ತಾರಸ್ವರಗಳಿಗೂ ತುದಿಯಲ್ಲಿರುವುವು ಮಂದ್ರಸ್ವರಗಳಿಗೂ ಸ್ಪಂದಿಸುವುವು. ಕೋಳಿಯಲ್ಲಿ ಇಂತಹ ಕೋಶಗಳು ಸತ್ತರೆ ಹೊಸವು ಹುಟ್ಟುವುವು, ಮನುಷ್ಯನಲ್ಲಿ ಹುಟ್ಟವು. ಜನ್ಮದಲ್ಲಿ ಬಂದ ಬಂಡವಾಳವಿಷ್ಟೆ. ಅತಿ ಗಟ್ಟಿಯಾದ ಧ್ವನಿಗೆ ಇವು ಮೊದಲು ದಣಿಯುವುವು: ಕಚೇರಿ ಮುಗಿದು ಹೊರಬಂದಾಗ ಸ್ನೇಹಿತನ ಮಾತು ಹತ್ತಿಯ ಮೂಲಕ ಬಂದಂತೆ ಕೇಳುವುದು, ಕಿವಿಯಲ್ಲಿ ಗುಂಯ್ ಎನ್ನುವುದು ಇದರ ಚಿಹ್ನೆ. ಮರುದಿನ ಸರಿಹೋಯಿತೆಂದು ನಾವು ಮರೆತುಬಿಡುವೆವು. ಆದರೆ ಕುಜಾವ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು 2009ರಲ್ಲಿ ಇಲಿಗಳಲ್ಲಿ ತೋರಿಸಿದುದೇನೆಂದರೆ, ಶ್ರವಣಶಕ್ತಿ ಪೂರ್ತಿ ಮರಳಿದಂತೆ ಕಂಡರೂ, ರೋಮಕೋಶಗಳಿಗೂ ನರಗಳಿಗೂ ನಡುವಣ ಸಂಧಿಗಳಲ್ಲಿ ಗಣನೀಯ ಭಾಗ ಶಾಶ್ವತವಾಗಿ ನಾಶವಾಗಿರಬಹುದು.

ಎಷ್ಟು ಗಟ್ಟಿ, ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವುಂಟು. ಅಮೆರಿಕದಲ್ಲಿ ಕಾರ್ಮಿಕರ ಆರೋಗ್ಯವನ್ನು ಅಧ್ಯಯನಮಾಡುವ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಗದ್ದಲದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲ ಅರ್ಧವಾಗುವುದು. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ರಾಕ್ ಕಚೇರಿಗಳಲ್ಲಿ 100 ಡೆಸಿಬೆಲ್ ಅಪರೂಪವಲ್ಲ. ಈ ಮೇಳದ ಕಚೇರಿಯಂತೆ ಮೂರು ಗಂಟೆ ನಡೆದರೆ ಒಂದು ರಾತ್ರಿಯಲ್ಲಿ ಹನ್ನೆರಡು ದಿನಗಳ ಪಾಲು ಖರ್ಚಾಗುವುದು. ಇಂತಹ ನೂರು ರಾತ್ರಿಗಳಾದರೆ? 1976ರಲ್ಲಿ "ದಿ ಹೂ" ಎಂಬ ಇಂಗ್ಲಿಷ್ ಮೇಳ ಲಂಡನ್ನಿನ ಕಾಲ್ಚೆಂಡಿನ ಮೈದಾನದಲ್ಲಿ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಮುಟ್ಟಿ, ಅತ್ಯಂತ ಗಟ್ಟಿಯಾದ ಕಚೇರಿಯೆಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಆ ಮೇಳದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಮುಂದೆ ತನ್ನ ಶ್ರವಣದೋಷವನ್ನು ಕುರಿತು ಬಹಿರಂಗವಾಗಿ ಮಾತನಾಡಿದನು. ಇಂತಹುದನ್ನು ದಾಖಲೆಯೆಂದು ಕೊಂಡಾಡಿದ್ದು ನನಗಂತೂ ಸೋಜಿಗವೆನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತಸ್ಥಳಗಳಿಗೆ ಹಾಕಿಕೊಟ್ಟ ಮೇಲ್ಮಿತಿ, 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್. ನಮ್ಮ ಊರುಗಳ ಮೆರವಣಿಗೆಯ ಲಾರಿಗಳ ಮುಂದೆ ಈ ಮಾತನ್ನು ಯಾರು ಓದಿ ಹೇಳಬೇಕೋ ತಿಳಿಯದು.

ಹಾಗೆಂದು ಕಚೇರಿಗೆ ಹೋಗಬಾರದೆಂದಲ್ಲ. ವಾದಕರಿಗಾಗಿಯೇ ತಯಾರಾದ ಕಿವಿಬಿರಡೆಗಳು ದೊರೆಯುವುವು. ಸಾಮಾನ್ಯ ಹತ್ತಿ ತಾರಸ್ವರಗಳನ್ನೇ ಹೆಚ್ಚಾಗಿ ಕುಗ್ಗಿಸಿ ನಾದವನ್ನು ಮಂಕುಮಾಡಿದರೆ, ಇವು ಎಲ್ಲ ಸ್ವರಗಳನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಗ್ಗಿಸುವುವು. 15 ಡೆಸಿಬೆಲ್ ಕುಗ್ಗಿಸುವ ಬಿರಡೆಯನ್ನಿಟ್ಟುಕೊಂಡರೆ 100 ಎಂಬುದು 85 ಆಗಿ, 15 ನಿಮಿಷಗಳ ಅವಧಿ 8 ಗಂಟೆಗೆ ಏರುವುದು. ಮೂರು ಗಂಟೆಯ ಕಚೇರಿ ಮುಗಿದರೂ ಆ ದಿನದ ಪಾಲಿನಲ್ಲಿ ಐದು ಗಂಟೆ ಉಳಿದಿರುವುದು.

ವಯಸ್ಸಿನಿಂದ ಬರುವ ಮಾಂದ್ಯಕ್ಕೂ ಗದ್ದಲದಿಂದ ಬರುವ ಮಾಂದ್ಯಕ್ಕೂ ಭೇದವಿರುವುದರಿಂದ ನಮ್ಮ ಮೂಲಪ್ರಶ್ನೆಗೆ ಉತ್ತರವೂ ದೊರೆಯಬಲ್ಲುದು. ವಯಸ್ಸಾದಂತೆ ಕಿವಿ ಮೊದಲು ಅತ್ಯುಚ್ಚ ಸ್ವರಗಳನ್ನು ಕಳೆದುಕೊಂಡು ಮೆಲ್ಲಮೆಲ್ಲನೆ ಕೆಳಗಿಳಿಯುವುದು. ಗದ್ದಲದ ಪೆಟ್ಟು ಬೀಳುವುದು ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನಲ್ಲಿ. ಕಾರಣವನ್ನು ನಿಮ್ಮ ಪ್ರಯೋಗಶಾಲೆಯಲ್ಲಿಯೇ ಕಾಣಬಹುದು: ಹೊರಗಿವಿಯ ನಾಳ ಒಂದು ತುದಿ ಮುಚ್ಚಿದ, ಸುಮಾರು 2.5 ಸೆಂಟಿಮೀಟರ್ ಉದ್ದದ ಕೊಳವೆ. ಅನುನಾದದ ಸೂತ್ರದಂತೆ ಇದು 3,400ರ ಬಳಿಯ ಸ್ವರಗಳನ್ನು ತಾನೇ ಹೆಚ್ಚಿಸಿ ಒಳಕ್ಕೆ ಕಳುಹಿಸುವುದು; ಪೆಟ್ಟು ಅದಕ್ಕಿಂತ ಸ್ವಲ್ಪ ಮೇಲಿನ ಸ್ವರಗಳನ್ನು ಗ್ರಹಿಸುವ ಕೋಶಗಳಿಗೆ ತಗಲುವುದು. "ಸ", "ತ"ಗಳಂತಹ ವ್ಯಂಜನಗಳ ಸ್ಪಷ್ಟತೆಗೂ ತಾಳತಟ್ಟೆಯ ಝಣತ್ಕಾರಕ್ಕೂ ಬೇಕಾದ ಸ್ವರಗಳು ಇಲ್ಲಿಂದ ಮೇಲಕ್ಕೇ ಇರುವುದು.

ಶ್ರವಣಪರೀಕ್ಷೆ ಮಾಡುವ ಚಿಕಿತ್ಸಾಲಯದಲ್ಲಿ ಒಂದೊಂದು ಸ್ವರವನ್ನೂ ಮೆಲ್ಲಗೆ ಕೇಳಿಸಿ ರೇಖಾಚಿತ್ರವೊಂದನ್ನು ಬರೆಯುವರು. ಮುಪ್ಪಿನ ಕಿವಿಯ ರೇಖೆ ಬಲಕ್ಕೆ ಹೋದಂತೆ ಇಳಿಜಾರಿನಂತೆ ಇಳಿಯುತ್ತ ಹೋಗುವುದು. ಗದ್ದಲದಿಂದ ನೊಂದ ಕಿವಿಯಾದರೆ 4,000ದ ಬಳಿ ಒಂದು ಹಳ್ಳ ಬಿದ್ದು, 8,000ದ ಹತ್ತಿರ ರೇಖೆ ಮತ್ತೆ ಮೇಲಕ್ಕೇಳುವುದು. ಕಾರ್ನೆಲ್ಲಿನ ಅದೇ ಮುದ್ರಣ ಈಗ ಮಂಕಾಗಿ ಕೇಳುವುದೆನ್ನುವ ಹಳೆಯ ಡೆಡ್‌ಹೆಡ್ ಈ ಚಿತ್ರವನ್ನು ಬರೆಸಿ ನೋಡಿಕೊಳ್ಳಬಹುದು. ಅದು ಬರೆಯುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿಯೇ ಒಮ್ಮೆ ಬರೆಸಿ ಇಟ್ಟುಕೊಂಡಿದ್ದರೆ ಹೋಲಿಸುವುದಕ್ಕೆ ಇನ್ನೂ ಅನುಕೂಲ.